ಬೆರಳಚ್ಚು ಎಲ್ಲಿ ಕೂತಿದೆ? ಮತ್ತೆ ಮತ್ತೆ ಬರುವ ಪ್ರಶ್ನೆಗಳು

ಕಚೇರಿಗಳ ಕಂಪ್ಯೂಟರ್, ನೆಟ್‌ವರ್ಕ್, ಹಾಜರಿ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಕೇಳೇ ಕೇಳುತ್ತಾರೆ: "ಆ ಹೆಬ್ಬೆಟ್ಟು ಒತ್ತಿಸ್ಕೊಳ್ತಾರಲ್ಲ, ಅದು ಆಮೇಲೆ ಎಲ್ಲಿಗೆ ಹೋಗುತ್ತೆ?" ಕೆಲವರು ಪತ್ರ ಬರೆದೂ ಕೇಳಿದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತಾಂತ್ರಿಕವಾದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಮೊದಲು ಇಷ್ಟು ಗೊತ್ತಿರಲಿ

ಯಂತ್ರದೊಳಗೆ ನನ್ನ ಬೆರಳಿನ ಫೋಟೋ ಇರುತ್ತಾ?

ಹೆಚ್ಚಿನ ಯಂತ್ರಗಳಲ್ಲಿ ಇರುವುದಿಲ್ಲ. ಬೆರಳ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಒಂದು ಗೆರೆ ಓಡುತ್ತಾ ಹೋಗಿ ತಟ್ಟನೆ ನಿಂತುಬಿಡುತ್ತದೆ. ಪಕ್ಕದ್ದು ಕಾಲುದಾರಿಯ ಹಾಗೆ ಎರಡಾಗಿ ಕವಲೊಡೆಯುತ್ತದೆ. ಇಂಥ ಜಾಗಗಳು ಎಲ್ಲೆಲ್ಲಿವೆ, ಯಾವ ದಿಕ್ಕಿಗೆ ತಿರುಗಿವೆ ಎಂದು ಯಂತ್ರ ಪಟ್ಟಿ ಮಾಡಿಕೊಳ್ಳುತ್ತದೆ. ಈ ಪಟ್ಟಿಗೆ ಟೆಂಪ್ಲೇಟ್ ಎನ್ನುತ್ತಾರೆ. ಟೆಂಪ್ಲೇಟ್ ಸಿಕ್ಕ ಮೇಲೆ ಚಿತ್ರ ಬೇಕಿಲ್ಲ, ಅದನ್ನು ಅಳಿಸಿಬಿಡುತ್ತದೆ.

"ಬರೀ ನಂಬರ್ ತಾನೇ" ಎಂದು ನಿಶ್ಚಿಂತರಾಗಬೇಡಿ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಇಂಥ ಪಟ್ಟಿಯನ್ನೇ ಹಿಡಿದುಕೊಂಡು ಬೆರಳಚ್ಚಿನ ಚಿತ್ರವನ್ನು ಮರಳಿ ಕಟ್ಟಿದರು. ಬೆರಳಚ್ಚು ಹೋಲಿಸುವ ತಂತ್ರಾಂಶಗಳು ಆ ಚಿತ್ರವನ್ನು ನಿಜವೆಂದೇ ಒಪ್ಪಿಕೊಂಡವು. ಅದಕ್ಕೇ ಟೆಂಪ್ಲೇಟ್ ಕಳೆದುಹೋದರೆ ಬೆರಳಚ್ಚೇ ಕಳೆದುಹೋದಂತೆ ಎಂದು ನಾನು ಲೆಕ್ಕ ಹಾಕುತ್ತೇನೆ.

ಪಾಸ್‌ವರ್ಡಿಗಿಂತ ಬೆರಳೇ ಗಟ್ಟಿ ಅಂತಾರಲ್ಲ?

ಮರೆತು ಹೋಗುವುದಿಲ್ಲ, ಯಾರಿಗೂ ಹೇಳಿಕೊಡಲು ಬರುವುದಿಲ್ಲ, ಊಹಿಸುವುದೂ ಕಷ್ಟ. ಇಷ್ಟೆಲ್ಲ ನಿಜ. ಆದರೆ ಬೆರಳಚ್ಚು ಗುಟ್ಟಲ್ಲ. ಕಾಫಿ ಲೋಟ, ಬಸ್ಸಿನ ಕಂಬಿ, ಫೋನಿನ ಗಾಜು, ಮುಟ್ಟಿದಲ್ಲೆಲ್ಲ ಬಿಟ್ಟು ಬರುತ್ತೇವೆ. ಪಾಸ್‌ವರ್ಡ್ ಕದ್ದರೆ ಸಂಜೆಯೊಳಗೆ ಬದಲಿಸಬಹುದು. ಬೆರಳು ಬದಲಿಸಲು ಬರುವುದಿಲ್ಲ.

2015ರಲ್ಲಿ ಅಮೆರಿಕ ಸರ್ಕಾರದ ನೌಕರರ ದಾಖಲೆ ಇಡುವ ಕಚೇರಿಗೆ ಕನ್ನ ಬಿದ್ದದ್ದು ಬಯಲಾಯಿತು. 2 ಕೋಟಿ 15 ಲಕ್ಷ ಜನರ ವಿವರ ಹೋಯಿತು. ಅವರಲ್ಲಿ 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಆ ಜನ ಇವತ್ತಿಗೂ ಅವೇ ಬೆರಳುಗಳನ್ನು ಇಟ್ಟುಕೊಂಡು ಬದುಕುತ್ತಿದ್ದಾರೆ.

ನನ್ನ ಮಟ್ಟಿಗೆ ಬೆರಳಚ್ಚು ಹೆಸರಿನ ಹಾಗೆ. ನೀವು ಯಾರು ಅಂತ ಹೇಳುತ್ತದೆ. ಅದನ್ನೇ ಬೀಗದ ಕೈ ಮಾಡಿಕೊಂಡಾಗ ತೊಂದರೆ ಶುರುವಾಗುತ್ತದೆ.

ಬ್ಯಾಂಕ್ ಆ್ಯಪ್ ತೆರೆಯೋಕೆ ಬೆರಳು ಇಡ್ತೀನಿ. ಹಾಗಾದ್ರೆ ನನ್ನ ಬೆರಳಚ್ಚು ಬ್ಯಾಂಕಿಗೆ ಹೋಯ್ತಾ?

ಇಲ್ಲ. ಈ ವಿಷಯದಲ್ಲಿ ಫೋನು ತಯಾರಿಸುವವರು ಒಳ್ಳೆಯ ಕೆಲಸ ಮಾಡಿದ್ದಾರೆ. ಐಫೋನ್‌ನಲ್ಲಿ 2013ರಿಂದ ಬೆರಳಚ್ಚಿಗೆಂದೇ ಸೆಕ್ಯೂರ್ ಎನ್‌ಕ್ಲೇವ್ ಎಂಬ ಪ್ರತ್ಯೇಕ ಭಾಗ ಇದೆ. ಆಂಡ್ರಾಯ್ಡ್ ಫೋನುಗಳಲ್ಲೂ ಅಂಥದೇ ಒಂದು ಒಳಕೋಣೆ ಇರುತ್ತದೆ. ಟೆಂಪ್ಲೇಟ್ ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಹೋಲಿಕೆಯೂ ಅಲ್ಲೇ ಆಗುತ್ತದೆ. ಆ್ಯಪ್‌ಗೆ ಸಿಗುವುದು "ಹೌದು, ಇವರೇ" ಅಥವಾ "ಅಲ್ಲ" ಎಂಬ ಉತ್ತರ ಮಾತ್ರ.

ಒಂದು ಎಚ್ಚರ ಇರಲಿ. ಫೋನಿಗೆ ಗೊತ್ತಿರುವುದು "ಸೇರಿಸಿದ ಬೆರಳು" ಮಾತ್ರ, ಅದು ಯಾರ ಬೆರಳು ಎಂದಲ್ಲ. ಆಟ ಆಡಲು ಕೇಳಿದ ಅಂತ ಮಗನ ಬೆರಳನ್ನೂ ಸೇರಿಸಿದ್ದರೆ, ಆ ಬೆರಳಿಗೆ ಬ್ಯಾಂಕ್ ಆ್ಯಪ್ ಕೂಡ ತೆರೆದುಕೊಳ್ಳಬಹುದು. ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಎಷ್ಟು ಬೆರಳು ಸೇರಿವೆ ಎಂದು ಎಣಿಸಿ ನೋಡಿ.

ಹಳೇ ಫೋನ್ ಮಾರಿದ್ರೆ ಬೆರಳಚ್ಚೂ ಹೋಗುತ್ತಾ?

ಪೂರ್ತಿ ರೀಸೆಟ್ ಮಾಡಿ ಕೊಟ್ಟರೆ ಹೋಗುವುದಿಲ್ಲ. ರೀಸೆಟ್‌ನಲ್ಲಿ ಒಳಕೋಣೆಯ ಕೀಲಿಯೇ ಅಳಿಸಿಹೋಗುತ್ತದೆ. ಕೀಲಿ ಇಲ್ಲದೆ ಉಳಿದದ್ದು ಯಾರ ಉಪಯೋಗಕ್ಕೂ ಬಾರದ ಕಸ.

## ಆಧಾರ್, ಬ್ಯಾಂಕು, ರಿಜಿಸ್ಟ್ರಿ

ಆಧಾರ್‌ಗೆ ಕೊಟ್ಟ ಹತ್ತು ಬೆರಳು ಈಗ ಎಲ್ಲಿವೆ? ಪೊಲೀಸರು ಕೇಳಿದ್ರೆ ಕೊಟ್ಟುಬಿಡ್ತಾರಾ?

ಆಧಾರ್ ಪ್ರಾಧಿಕಾರದ ಡೇಟಾ ಸೆಂಟರ್‌ಗಳಲ್ಲಿವೆ. ಒಂದು ನಮ್ಮ ಬೆಂಗಳೂರಿನಲ್ಲಿದೆ, ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ. ಅಂಗಡಿಯಲ್ಲೋ ಬ್ಯಾಂಕಿನಲ್ಲೋ ಬೆರಳು ಇಟ್ಟಾಗ ಆ ಅಚ್ಚು ಎನ್‌ಕ್ರಿಪ್ಟ್ ಆಗಿ, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತಲಿಪಿಯಾಗಿ, ಅಲ್ಲಿಗೆ ಹೋಗುತ್ತದೆ. ಅಲ್ಲಿಂದ ಬೆರಳಚ್ಚು ಯಾವತ್ತೂ ವಾಪಸ್ ಬರುವುದಿಲ್ಲ.

2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಖಡಕ್ಕಾಗಿದೆ. ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಮಾಹಿತಿಯನ್ನು ಯಾರ ಜೊತೆಗೂ, ಯಾವ ಕಾರಣಕ್ಕೂ ಹಂಚಿಕೊಳ್ಳುವಂತಿಲ್ಲ. ಸಾಮಾನ್ಯ ಅಪರಾಧದ ತನಿಖೆಗೆ ಕೋರ್ಟ್ ಆದೇಶ ತಂದರೂ ಬೆರಳಚ್ಚು ಸಿಗುವುದಿಲ್ಲ. ದೇಶದ ಭದ್ರತೆಯ ವಿಷಯಕ್ಕೆ ಮಾತ್ರ ಒಂದು ಬಾಗಿಲು ಇದೆ, ಅದಕ್ಕೆ ಕಾರ್ಯದರ್ಶಿ ಮಟ್ಟದ ಅಧಿಕಾರಿಯ ಆದೇಶ ಬೇಕು. ಪೊಲೀಸರು ತಾವೇ ತೆಗೆದುಕೊಳ್ಳುವ ಬೆರಳಚ್ಚಿನ ಕಥೆ ಬೇರೆ. 2022ರ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯ್ದೆಯ ಪ್ರಕಾರ ಬಂಧಿತರಿಂದ, ಶಿಕ್ಷೆಯಾದವರಿಂದ ತೆಗೆದ ದಾಖಲೆಯನ್ನು 75 ವರ್ಷ ಇಟ್ಟುಕೊಳ್ಳಬಹುದು.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಕೋರ್ಟು ಆಧಾರ್ ಉಳಿಸಿಕೊಂಡಿತು. ಆದರೆ ಬೆರಳು ಒತ್ತಿದ ದಾಖಲೆಗಳನ್ನು ಆರು ತಿಂಗಳಿಗಿಂತ ಜಾಸ್ತಿ ಇಡಬಾರದು ಎಂದಿತು. ನಮ್ಮವರೊಬ್ಬರು ಆ ವಯಸ್ಸಿನಲ್ಲಿ ಎದ್ದು ನಿಂತು ಕೇಳಿದರು ಎಂಬುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಅಷ್ಟೆಲ್ಲ ಭದ್ರ ಇದ್ರೆ, ಒಂದು ಒಟಿಪಿನೂ ಬರದೆ ನಮ್ಮಮ್ಮನ ಖಾತೆಯಿಂದ ದುಡ್ಡು ಹೋಗಿದ್ದು ಹೇಗೆ?

ನನಗೆ ಜಾಸ್ತಿ ಬಂದ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಸಿಟ್ಟು, ಅಳು ಎರಡೂ ಇರುತ್ತವೆ.

ಎಇಪಿಎಸ್ ಎಂಬ, ಆಧಾರ್ ಮೇಲೆ ನಡೆಯುವ ಹಣದ ವ್ಯವಹಾರದ ಏರ್ಪಾಡು ಇದೆ. ಹಳ್ಳಿಯ ಬ್ಯಾಂಕ್ ಮಿತ್ರರ ಹತ್ತಿರ ಒಂದು ಚಿಕ್ಕ ಯಂತ್ರ ಇರುತ್ತದಲ್ಲ, ಅದು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಒಂದು ಬೆರಳು, ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿನ್ ಇಲ್ಲ, ಒಟಿಪಿ ಇಲ್ಲ, ಕಾರ್ಡೂ ಬೇಡ. ಬ್ಯಾಂಕು ಹತ್ತು ಮೈಲಿ ದೂರ ಇರುವ ಅಜ್ಜಿಗೆ ಇದು ವರದಾನ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬೆರಳೇ ಬೀಗದ ಕೈ.

ಕಳ್ಳರಿಗೆ ಬೆರಳಚ್ಚು ಸಿಕ್ಕಿದ್ದು ಆಧಾರ್‌ನ ಉಗ್ರಾಣದಿಂದಲ್ಲ, ಕಾಗದದಿಂದ. ಸೈಟು, ಜಮೀನು ನೋಂದಣಿ ಮಾಡಿಸುವಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ಅಂಟಿಸಿ ಹೆಬ್ಬೆಟ್ಟು ಹಾಕಿಸುತ್ತಾರೆ. 2001ರ ತಿದ್ದುಪಡಿಯ ನಂತರ ನೋಂದಣಿ ಕಾಯ್ದೆಯ 32ಎ ಸೆಕ್ಷನ್ನೇ ಅದನ್ನು ಕಡ್ಡಾಯ ಮಾಡಿದೆ. ಒಂದು ಕ್ರಯಪತ್ರದ ನಕಲನ್ನು ಎದುರಿಗೆ ಇಟ್ಟುಕೊಂಡು ನೋಡಿ: ಹೆಸರು, ವಿಳಾಸ, ಫೋಟೋ, ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆ, ಅದರ ಪಕ್ಕದಲ್ಲೇ ಸ್ಪಷ್ಟವಾದ ಹೆಬ್ಬೆಟ್ಟಿನ ಗುರುತು. ಕಳ್ಳನಿಗೆ ಬೇಕಾದದ್ದೆಲ್ಲ ಒಂದೇ ಕಾಗದದಲ್ಲಿ. ಆಮೇಲೆ ಈ ಪತ್ರಗಳು ಸ್ಕ್ಯಾನ್ ಆಗಿ ಆನ್‌ಲೈನ್ ಬಂದವು.

2018ರಲ್ಲಿ ತೆಲಂಗಾಣದ ಪೆದ್ದಪಲ್ಲಿ ಕಡೆಯ ಒಬ್ಬ, ಹೀಗೆ ಸಿಕ್ಕ ಪತ್ರಗಳ ಬೆರಳಚ್ಚಿನಿಂದ ರಬ್ಬರ್ ಅಚ್ಚು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದಲೇ ಎಇಪಿಎಸ್ ಮೂಲಕ ಹಣ ಹೋಗತೊಡಗಿತು. ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಪಡೆದ ಪತ್ರಗಳ ಬೆರಳಚ್ಚು ಬಳಕೆಯಾಗಿದೆ ಎಂದು ಪೊಲೀಸರು ಹೇಳಿದರು. ಅದೇ ವರ್ಷ ಫೆಬ್ರವರಿಯಲ್ಲಿ ಆಧಾರ್ ಪ್ರಾಧಿಕಾರ, ಯಂತ್ರದ ಮೇಲೆ ಇಟ್ಟದ್ದು ಜೀವಂತ ಬೆರಳೋ ಅಚ್ಚೋ ಎಂದು ಗುರುತಿಸುವ ಹೊಸ ತಪಾಸಣೆ ಜಾರಿಗೆ ತಂದಿತು.

ನಕಲಿ ಬೆರಳು ಹೊಸ ವಿಷಯವೂ ಅಲ್ಲ. ಜಪಾನಿನ ಯೊಕೊಹಾಮಾದಲ್ಲಿ ಸುತೊಮು ಮತ್ಸುಮೊತೊ ಎಂಬ ಪ್ರೊಫೆಸರ್, ಜೆಲ್ಲಿ ಮಿಠಾಯಿಗೆ ಹಾಕುವ ಜೆಲಾಟಿನ್‌ನಿಂದ ಬೆರಳು ಮಾಡಿ 11 ಬಗೆಯ ಯಂತ್ರಗಳನ್ನು ಏಮಾರಿಸಿದ್ದು 2002ರಲ್ಲಿ. ಅಷ್ಟು ಹಿಂದೆಯೇ ಗೊತ್ತಿದ್ದ ದೋಷ ಇದು. ಬೆರಳೊಂದನ್ನೇ ನಂಬಿ ದುಡ್ಡು ಕೊಡುವ ವ್ಯವಸ್ಥೆಯನ್ನು ಕಟ್ಟುವಾಗ ಇನ್ನೊಂದು ಚಿಲಕ ಇಡಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಬಯೋಮೆಟ್ರಿಕ್ ಲಾಕ್ ಮಾಡಿದ್ರೆ ರೇಷನ್ ಸಿಗಲ್ಲ ಅಂತಾರೆ. ಏನು ಮಾಡೋದು?

ಬಯೋಮೆಟ್ರಿಕ್ ಲಾಕ್ ಎಂದರೆ ಆಧಾರ್‌ನಲ್ಲಿ ನಿಮ್ಮ ಬೆರಳಚ್ಚಿನ ಬಳಕೆಗೆ ನೀವೇ ಹಾಕುವ ಬೀಗ. ಅದು ಇರುವಾಗ ಆಧಾರ್‌ಗೆಂದು ಬೆರಳು ಇಟ್ಟರೆ ಎಲ್ಲೂ ಒಪ್ಪುವುದಿಲ್ಲ, ನ್ಯಾಯಬೆಲೆ ಅಂಗಡಿಯಲ್ಲೂ ಅಷ್ಟೇ. ಹಾಗಂತ ಲಾಕ್ ಬೇಡ ಎನ್ನಬೇಡಿ. ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಬಹುದು, ಅದು ತಾನಾಗಿ ಮತ್ತೆ ಹಾಕಿಕೊಳ್ಳುತ್ತದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಆಧಾರ್ ವೆಬ್‌ಸೈಟಿನಲ್ಲೋ ಆ್ಯಪ್‌ನಲ್ಲೋ ಒಟಿಪಿ ಕೊಟ್ಟು ಒಳಗೆ ಹೋದರೆ ಲಾಕ್ ಆಯ್ಕೆ ಸಿಗುತ್ತದೆ. ಎರಡು ನಿಮಿಷದ ಕೆಲಸ, ದುಡ್ಡು ಕೊಡಬೇಕಿಲ್ಲ.

ನಮ್ಮ ಮನೆಯಲ್ಲಿ ಮಾಡಿಕೊಂಡಿರುವುದು ಹೀಗೆ. ಅಮ್ಮ ರೇಷನ್ ತರಲು ಹೊರಟಾಗ ಫೋನ್ ಮಾಡುತ್ತಾರೆ, "ಸರದಿ ಹತ್ತಿರ ಬಂತು ಕಣೋ, ತೆಗಿ." ನಾನು ಇಲ್ಲಿಂದ ಲಾಕ್ ತೆಗೆಯುತ್ತೇನೆ. ಸ್ವಲ್ಪ ತಾಪತ್ರಯ ಹೌದು. ಎರಡು ಸಲ ನಾನು ಮೀಟಿಂಗಿನಲ್ಲಿದ್ದು ಅಮ್ಮ ಕಾಯಬೇಕಾಯಿತು.

ಮನೆಯಲ್ಲಿ ಹೀಗೆ ನೋಡಿಕೊಳ್ಳುವವರು ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಆಧಾರ್ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಆಗುವಷ್ಟು ಮಾತ್ರ ಇಡಿ, ಉಳಿದದ್ದನ್ನು ಠೇವಣಿ ಮಾಡಿ. ಎಇಪಿಎಸ್ ಬೇಡವೇ ಬೇಡ ಎನ್ನುವವರು ಅದನ್ನು ನಿಲ್ಲಿಸಿ ಎಂದು ಬ್ಯಾಂಕಿಗೆ ಬರೆದು ಕೊಟ್ಟು ಕೇಳಿ. ಆಧಾರ್ ವೆಬ್‌ಸೈಟಿನಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ಸೋತ ಪ್ರಯತ್ನಗಳೂ ಅದರಲ್ಲಿ ಕಾಣುತ್ತವೆ.

ಅಡಿಕೆ ಸುಲಿದು ಸುಲಿದು ಬೆರಳೇ ಹತ್ತಲ್ಲ. ಐದಾರು ಸಲ ಒತ್ತಿಸ್ತಾರೆ. ಅದರಲ್ಲೇನಾದ್ರೂ ಮೋಸ ಇರುತ್ತಾ?

ಸುಲಿಯುವ ಕಾಲದಲ್ಲಿ ಬೆರಳ ತುದಿಗೆ ಚೊಗರು ಕೂತು ಕಪ್ಪಾಗುತ್ತದೆ, ಚರ್ಮ ಒರಟಾಗಿ ಗೆರೆ ಸವೆಯುತ್ತದೆ. ಸಿಮೆಂಟ್ ಕೆಲಸದವರಿಗೂ ಇದೇ ಪಾಡು. ಆಗ ಯಂತ್ರಕ್ಕೆ ಗೆರೆ ಸಿಗದೆ ಹೋಗುವುದು ಸಹಜ. ಕೈ ತೊಳೆದು, ತುಸು ಎಣ್ಣೆ ಸವರಿ ಒರೆಸಿ, ಬೇರೆ ಬೆರಳಿಟ್ಟು ನೋಡಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ನಡೆಯುತ್ತದೆ. ಕಣ್ಣಿನ ಪಾಪೆ ಅಥವಾ ಒಟಿಪಿಯ ದಾರಿ ಇದೆಯಾ ಎಂದೂ ಕೇಳಿ.

ಮೋಸ ನಡೆಯುವ ಜಾಗ ಬೇರೆ. "ಆಗ್ಲಿಲ್ಲ, ಇನ್ನೊಂದ್ಸಲ ಒತ್ತಿ" ಎನ್ನುತ್ತಾರೆ, ಮೊದಲನೇ ಸಲವೇ ಹಣ ಹೋಗಿರುತ್ತದೆ. ಅದಕ್ಕೆ ಪ್ರತಿ ಸಲ ಒತ್ತುವ ಮೊದಲು ಪರದೆಯ ಮೇಲೆ ಎಷ್ಟು ರೂಪಾಯಿ ಬರೆದಿದೆ ನೋಡಿ. ಓದಲು ಬಾರದಿದ್ದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆಗಲಿಲ್ಲ ಎಂದರೂ ಚೀಟಿ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ದುಡ್ಡು ಹೋಗೇಬಿಟ್ಟಿದೆ. ಈಗ ಮೊದಲು ಏನು ಮಾಡ್ಲಿ?

ಬಯೋಮೆಟ್ರಿಕ್ ಲಾಕ್ ಮಾಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ ಹೋಗಿ "ನಾನು ಮಾಡದ ವ್ಯವಹಾರ" ಎಂದು ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ದೂರಲ್ಲ.

ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯನ್ನು ನೆನಪಿನಲ್ಲಿಡಿ. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ನಡುವೆ ಯಾರೋ ಮೋಸ ಮಾಡಿದ್ದರೆ, ಹಣ ಹೋದ ಬಗ್ಗೆ ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ನಿಮ್ಮದಲ್ಲ. ತಪ್ಪು ನಿಮ್ಮದೆಂದು ತೋರಿಸುವ ಹೊಣೆ ಬ್ಯಾಂಕಿನದು. ನಮ್ಮ ಬೀದಿಯ ಒಬ್ಬ ಚಿಕ್ಕಮ್ಮನಿಗೆ ಬ್ಯಾಂಕಿನ ಕೌಂಟರಿನಲ್ಲಿ "ನಿಮ್ಮ ಬೆರಳೇ ಇಟ್ಟಿದ್ದೀರಿ, ಯಂತ್ರ ಹೇಳ್ತಿದೆ" ಎಂದುಬಿಟ್ಟರು. ಆಕೆ ಅಳುತ್ತಾ ಮನೆಗೆ ಬಂದರು. ನೆರೆಯವರು ಸೇರಿ ಈ ಸುತ್ತೋಲೆಯನ್ನು ಹೆಸರಿಸಿ ಪತ್ರ ಬರೆಸಿಕೊಟ್ಟೆವು. ಹಣ ವಾಪಸ್ ಬರಲು ಎರಡು ತಿಂಗಳಾಯಿತು, ಆದರೆ ಬಂತು. ಬ್ಯಾಂಕು 30 ದಿನ ಸುಮ್ನೆ ಕೂತರೆ ಗ್ರಾಹಕರ ದೂರು ನೋಡುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ.

## ಕಚೇರಿ, ಶಾಲೆ

ಹಾಜರಿಗೆ ಬೆರಳು ಕೊಡಲೇಬೇಕು ಅಂತಾರೆ ಕಂಪನಿಯವರು. ಆಗಲ್ಲ ಅನ್ನಬಹುದಾ?

ಕೆಲಸ ಕೊಟ್ಟವರ ಮುಂದೆ "ಆಗಲ್ಲ" ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾನೂನಿನಲ್ಲಿ ಹಿಡಿಯಲು ಒಂದಿಷ್ಟು ಇದೆ. 2011ರ ಐಟಿ ನಿಯಮಗಳು ಬಯೋಮೆಟ್ರಿಕ್ ಮಾಹಿತಿಯನ್ನು ಸೂಕ್ಷ್ಮ ಮಾಹಿತಿ ಎಂದು ಹೆಸರಿಸಿವೆ. ತೆಗೆದುಕೊಳ್ಳುವ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳಬಾರದು ಎನ್ನುತ್ತವೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಯಲ್ಲಿ ಮಾಹಿತಿ ಕಾಪಾಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಬೇಸರದ ಸಂಗತಿ ಎಂದರೆ ಈ ಹೊಸ ಕಾಯ್ದೆ ಬೆರಳಚ್ಚಿಗೆ ಪ್ರತ್ಯೇಕ ಸ್ಥಾನ ಕೊಟ್ಟಿಲ್ಲ. ಇಮೇಲ್ ವಿಳಾಸಕ್ಕೂ ಬೆರಳಚ್ಚಿಗೂ ಒಂದೇ ತಕ್ಕಡಿ. ಕೆಲಸದ ಸಂಬಂಧದ ಕೆಲವು ಬಳಕೆಗೆ ಒಪ್ಪಿಗೆಯೇ ಬೇಡ ಎಂದೂ ಅದರಲ್ಲಿ ಇದೆ.

ಬ್ರಿಟನ್ನಿನಲ್ಲಿ 2024ರ ಫೆಬ್ರವರಿಯಲ್ಲಿ ಮಾಹಿತಿ ಆಯುಕ್ತರ ಕಚೇರಿ ಸರ್ಕೊ ಲೀಷರ್ ಎಂಬ ಕಂಪನಿಗೆ, 2,000ಕ್ಕೂ ಹೆಚ್ಚು ನೌಕರರ ಹಾಜರಿಗೆ ಮುಖ ಮತ್ತು ಬೆರಳು ಬಳಸುವುದನ್ನು ನಿಲ್ಲಿಸಿ ಎಂದು ಆದೇಶ ಮಾಡಿತು. ಕಾರ್ಡಿನಿಂದ ಆಗುವ ಕೆಲಸಕ್ಕೆ ಬೆರಳು ಯಾಕೆ ಎಂಬುದೇ ಅಲ್ಲಿಯ ಪ್ರಶ್ನೆ. ನಮ್ಮಲ್ಲೂ ಅದನ್ನೇ ಕೇಳಬೇಕು.

ನೇರ "ಇಲ್ಲ" ಅನ್ನಲಾಗದಿದ್ದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಒಂದು ಇಮೇಲ್ ಹಾಕಿ. ಟೆಂಪ್ಲೇಟ್ ಯಂತ್ರದಲ್ಲಿ ಇದೆಯೋ, ಯಾರದೋ ಕ್ಲೌಡ್‌ನಲ್ಲಿ ಇದೆಯೋ? ಯಂತ್ರದ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ನಾನು ಕೆಲಸ ಬಿಟ್ಟ ದಿನ ಅಳಿಸುತ್ತೀರಾ? ಹೀಗೆ ಕೇಳಿದ ಮೇಲೆ ಕಾರ್ಡು ಕೊಟ್ಟ ಕಚೇರಿಗಳನ್ನು ನೋಡಿದ್ದೇನೆ.

ಮಗಳ ಶಾಲೆಯಲ್ಲಿ ಲೈಬ್ರರಿ ಪುಸ್ತಕ ತಗೊಳ್ಳೋಕೆ ಬೆರಳಚ್ಚು ಬೇಕಂತೆ. ಕೊಡಲಾ?

ಬೇಡ. ಕಥೆಪುಸ್ತಕಕ್ಕೆ ಲೈಬ್ರರಿ ಕಾರ್ಡ್ ಸಾಕು. ಆಧಾರ್‌ನವರೇ ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಹೊಸ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಮಗುವಿಗೆ ಇನ್ನೂ ಎಪ್ಪತ್ತು ವರ್ಷ ಬೇಕಾಗುವ ಬೆರಳು ಅದು. ಪೋಷಕರ ಸಭೆಯಲ್ಲಿ ಮೃದುವಾಗಿಯೇ, ಆದರೆ ಪಟ್ಟು ಬಿಡದೆ ಹೇಳಿ.

## ಒಳಗಿನ ಕೆಲಸ: ವ್ಯವಸ್ಥೆ ಕಟ್ಟುವವರಿಗೆ, ನಡೆಸುವವರಿಗೆ

ಪಾಸ್‌ವರ್ಡ್ ತರ ಹ್ಯಾಶ್ ಮಾಡಿ ಇಟ್ಟರೆ ಮುಗೀತಲ್ಲ?

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇದನ್ನು ತಪ್ಪದೆ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪಾಸ್‌ವರ್ಡನ್ನು ಇದ್ದ ಹಾಗೇ ಇಡದೆ, ಲೆಕ್ಕ ಹಾಕಿ, ಮರಳಿ ಬಿಡಿಸಲಾಗದ ಒಂದು ಸಂಕೇತವಾಗಿ ಇಡುತ್ತಾರೆ, ಅದೇ ಹ್ಯಾಶ್. ಪಾಸ್‌ವರ್ಡ್ ಪ್ರತಿ ಸಲ ಅಕ್ಷರ ಅಕ್ಷರವೂ ಒಂದೇ. ಒಂದಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬೇರೆ ಆಗುತ್ತದೆ, ಅದೇ ಅದರ ಶಕ್ತಿ. ಬೆರಳು ಹಾಗಲ್ಲ. ಬೆಳಿಗ್ಗೆ ಸ್ವಲ್ಪ ಓರೆಯಾಗಿ ಇಡುತ್ತೀರಿ, ಮಧ್ಯಾಹ್ನ ಬೆವರಿರುತ್ತದೆ, ಸಂಜೆ ಜೋರಾಗಿ ಒತ್ತಿ ಚರ್ಮ ಹಿಗ್ಗಿರುತ್ತದೆ. ಒಂದೇ ಬೆರಳಿನ ಎರಡು ಅಚ್ಚು ತದ್ರೂಪ ಬರುವುದೇ ಇಲ್ಲ. ಯಂತ್ರ ನೋಡುವುದು "ಒಂದೇನಾ" ಎಂದಲ್ಲ, "ಸಾಕಷ್ಟು ಹತ್ತಿರ ಇದೆಯಾ" ಎಂದು. ಹ್ಯಾಶ್‌ಗೆ ಹತ್ತಿರ ಎಂಬ ಮಾತೇ ಗೊತ್ತಿಲ್ಲ.

ಈ ಗಂಟು ಬಿಡಿಸಲು ಅರಿ ಜುವೆಲ್ಸ್ ಮತ್ತು ಮಧು ಸೂದನ್ 2002ರಲ್ಲಿ ಫಜ್ಜಿ ವಾಲ್ಟ್ ಎಂಬ ಉಪಾಯ ಮುಂದಿಟ್ಟರು. ಬೆರಳಿನ ನಿಜವಾದ ಚುಕ್ಕೆಗಳ ಜೊತೆ ಹೇರಳವಾಗಿ ಸುಳ್ಳು ಚುಕ್ಕೆ ಬೆರೆಸಿ ಒಂದು ಗುಟ್ಟನ್ನು ಅಡಗಿಸಿಡುವುದು. ಭತ್ತದಲ್ಲಿ ಜೊಳ್ಳು ಬೆರೆಸಿದ ಹಾಗೆ. ನಿಜವಾದ ಬೆರಳು ಬಂದರೆ ಸಾಕಷ್ಟು ಗಟ್ಟಿ ಕಾಳನ್ನು ಆರಿಸಿಕೊಳ್ಳುತ್ತದೆ, ಗುಟ್ಟು ಹೊರಬರುತ್ತದೆ. ಒಂದೆರಡು ತಪ್ಪಿದರೂ ಸಹಿಸಿಕೊಳ್ಳುತ್ತದೆ. ದೋಷವೂ ಇದೆ. ಒಬ್ಬರದೇ ಬೆರಳಿನಿಂದ ಮಾಡಿದ ಎರಡು ವಾಲ್ಟ್ ಕಳ್ಳನಿಗೆ ಸಿಕ್ಕರೆ, ಎರಡರಲ್ಲೂ ಇರುವ ಚುಕ್ಕೆಗಳೇ ನಿಜವಾದವು ಎಂದು ಹೋಲಿಸಿ ಕಂಡುಹಿಡಿಯಬಹುದು.

ಬದಲಾಯಿಸಬಹುದಾದ ಬೆರಳಚ್ಚು ಅಂತ ಇದೆಯಂತೆ, ನಿಜನಾ?

ನಿಜ. ಐಬಿಎಂನ ನಳಿನಿ ರಥಾ ಮತ್ತು ಸಂಗಡಿಗರು 2001ರಲ್ಲೇ ಇದನ್ನು ಹೇಳಿದರು. ಬೆರಳಚ್ಚನ್ನು ಇದ್ದ ಹಾಗೇ ಇಡದೆ, ಗೊತ್ತಾದ ಒಂದು ರೀತಿಯಲ್ಲಿ ಬೇಕಂತಲೇ ತಿರುಚಿ ಇಡುವುದು. ಪ್ರತಿ ಸಲ ಬೆರಳು ಇಟ್ಟಾಗಲೂ ಅದೇ ರೀತಿ ತಿರುಚಿ ಹೋಲಿಸುವುದು. ಕಳುವಾದರೆ ತಿರುಚುವ ರೀತಿಯನ್ನು ಬದಲಿಸಿ ಹೊಸ ಟೆಂಪ್ಲೇಟ್ ಮಾಡಿಕೊಳ್ಳಬಹುದು. ಬೆರಳು ಹಳೆಯದು, ದಾಖಲೆ ಹೊಸದು.

ಇದಕ್ಕೆ ಐಎಸ್‌ಒ 24745 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅದು ಮೂರು ಮಾತು ಕೇಳುತ್ತದೆ. ಇಟ್ಟ ದಾಖಲೆಯಿಂದ ಮೂಲ ಬೆರಳಚ್ಚನ್ನು ಮರಳಿ ಕಟ್ಟಲು ಬರಬಾರದು. ಎರಡು ಕಡೆ ಇಟ್ಟ ದಾಖಲೆ ಒಬ್ಬರದೇ ಎಂದು ಹೊಂದಿಸಲು ಆಗಬಾರದು. ಬೇಕಾದಾಗ ರದ್ದು ಮಾಡಿ ಹೊಸದು ಕೊಡಲು ಬರಬೇಕು. ತಿರುಚಿದಷ್ಟೂ ಹೋಲಿಕೆ ತಪ್ಪುವುದು ಜಾಸ್ತಿ, ಅದೇ ಇಲ್ಲಿ ತೆರಬೇಕಾದ ಬೆಲೆ. ಯಂತ್ರ ಕೊಳ್ಳುವಾಗ ಮಾರುವವರನ್ನು ಈ ಮೂರು ಮಾತು ಕೇಳಿ. ಉತ್ತರ ಹೇಗೆ ಬರುತ್ತದೆ ಎಂಬುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಡೇಟಾಬೇಸ್ ಎನ್‌ಕ್ರಿಪ್ಟ್ ಮಾಡಿದ್ದೀವಿ. ಸಾಕಲ್ವಾ?

ಕೀಲಿ ಎಲ್ಲಿದೆ? ಅದೇ ಸರ್ವರಿನ ಒಂದು ಫೈಲಿನಲ್ಲಿದ್ದರೆ, ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟ ಹಾಗೆ. ಕೀಲಿಗೆಂದೇ ಬೇರೆ ಯಂತ್ರ ಬೇಕು. ಬೆರಳು ಹೋಲಿಸುವ ಕ್ಷಣದಲ್ಲಿ ಟೆಂಪ್ಲೇಟ್ ತೆರೆದುಕೊಳ್ಳಲೇಬೇಕು ಎಂಬುದನ್ನೂ ಮರೆಯಬೇಡಿ. ಕನ್ನ ಹಾಕುವವರು ಕಾಯುವುದು ಆ ಕ್ಷಣಕ್ಕೇ. ಬ್ಯಾಕಪ್‌ಗಳು, ಪರೀಕ್ಷೆಗೆಂದು ಮಾಡಿದ ನಕಲುಗಳು, ಯಾರೋ ಎಕ್ಸೆಲ್‌ಗೆ ಇಳಿಸಿಕೊಂಡ ಪಟ್ಟಿ, ಇವೆಲ್ಲ ಎನ್‌ಕ್ರಿಪ್ಟ್ ಆಗಿವೆಯೇ?

2019ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸುಪ್ರೀಮಾ ಕಂಪನಿಯ ಬಯೋಸ್ಟಾರ್ 2 ಎಂಬ ಬಾಗಿಲು ಕಾಯುವ ವ್ಯವಸ್ಥೆಯ ಡೇಟಾಬೇಸ್ ಯಾರು ಬೇಕಾದರೂ ನೋಡುವ ಹಾಗೆ ತೆರೆದಿತ್ತು. ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಜನರ ಬೆರಳಚ್ಚು ಇತ್ತು ಎಂದು ಕಂಡುಹಿಡಿದ ಸಂಶೋಧಕರು ವರದಿ ಮಾಡಿದರು. ಗುಪ್ತಲಿಪಿ ಒಡೆದು ಒಳಗೆ ಹೋಗಬೇಕಾದ ಪ್ರಸಂಗವೇ ಬರಲಿಲ್ಲ.

ನನ್ನನ್ನು ಕೇಳಿದರೆ, ಒಟ್ಟುಗೂಡಿಸಲೇಬೇಡಿ. ಟೆಂಪ್ಲೇಟ್ ನೌಕರರ ಕಾರ್ಡಿನಲ್ಲೇ ಇರಲಿ, ಬಾಗಿಲಲ್ಲಿ ಕಾರ್ಡೂ ಬೆರಳೂ ಹೊಂದಿಕೊಂಡರೆ ಸಾಕು. ಒಂದು ಕಾರ್ಡ್ ಕಳೆದರೆ ಒಬ್ಬರದು ಮಾತ್ರ ಹೋಗುತ್ತದೆ.

ಹಳೇ ಹಾಜರಿ ಯಂತ್ರ ಮೂಲೆಯಲ್ಲಿ ಬಿದ್ದಿದೆ. ಗುಜರಿಗೆ ಹಾಕ್ಲಾ?

ಹಾಗೇ ಹಾಕಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿ ಜಾಗ ಬದಲಿಸಿತು. ಮೂರು ವರ್ಷದ ನಂತರ ಹಳೇ ಮಾನಿಟರ್ ಹುಡುಕಿಕೊಂಡು ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಫ್ಯಾನ್ ರೆಕ್ಕೆಗಳ ರಾಶಿಯ ಮೇಲೆ ಒಂದು ಹಾಜರಿ ಯಂತ್ರ ಕೂತಿತ್ತು. ಪಕ್ಕಕ್ಕೆ ಅಂಟಿಸಿದ್ದ ಚೀಟಿಯಲ್ಲಿ ನನ್ನದೇ ಅಕ್ಷರ: "ಕೈ ಒರೆಸಿ ಬೆರಳು ಇಡಿ". ಅಂಗಡಿಯವರನ್ನು ಕೇಳಿ ಕರೆಂಟ್ ಕೊಟ್ಟೆ. ಹಸಿರು ದೀಪ ಹತ್ತಿತು. ನನ್ನ ಬೆರಳು ಇಟ್ಟೆ. "ಥ್ಯಾಂಕ್ ಯೂ" ಎಂದಿತು.

ಮೆನು ತೆರೆಯಲು ಪಾಸ್‌ವರ್ಡೂ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ಹೆಸರು. ಒಂದು ಪೆನ್ ಡ್ರೈವ್ ಚುಚ್ಚಿದ್ದರೆ ಎಲ್ಲರ ಟೆಂಪ್ಲೇಟೂ ಹೊರಗೆ ಬರುತ್ತಿತ್ತು. ಅವರಲ್ಲಿ ಇಬ್ಬರು ಈಗ ಬದುಕಿಲ್ಲ. ಮುನ್ನೂರು ರೂಪಾಯಿ ಕೊಟ್ಟು ಅದನ್ನು ಮನೆಗೆ ತಂದೆ.

ನೀವು ಮಾಡಬೇಕಾದ್ದು ಇಷ್ಟು. ಮೆನುವಿನಲ್ಲಿ "ಎಲ್ಲ ಮಾಹಿತಿ ಅಳಿಸು" ಎಂಬುದನ್ನು ಆರಿಸಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಮತ್ತೆ ಚಾಲೂ ಮಾಡಿ, ಹಳೇ ನೌಕರರೊಬ್ಬರ ಬೆರಳು ಇಟ್ಟು ನೋಡಿ, ಗುರುತಿಸಬಾರದು. ಆಮೇಲೆ ಹಿಂದಿನ ಸ್ಕ್ರೂ ಬಿಚ್ಚಿ, ಬೋರ್ಡ್ ಮೇಲಿನ ಮೆಮೊರಿ ಚಿಪ್ ಒಡೆಯಿರಿ. ಯಾವ ತಾರೀಖು, ಯಾರು ಅಳಿಸಿದರು, ಎಷ್ಟು ಜನರದ್ದು ಇತ್ತು ಎಂದು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಫೈಲಿಗೆ ಸೇರಿಸಿ. ಯಂತ್ರದ ಜೊತೆ ಬಂದ ತಂತ್ರಾಂಶ ಯಾವ ಕಂಪ್ಯೂಟರಿನಲ್ಲಿತ್ತೋ ಅಲ್ಲೂ ಒಂದು ಪ್ರತಿ ಉಳಿದಿರುತ್ತದೆ, ಅದನ್ನೂ ಹುಡುಕಿ ಅಳಿಸಿ.